ಗುಳಿಗೆ ಬಿಟ್ಟ ಸಂಕಟವೋ, ಹಳೆಯ ಆತಂಕವೋ?

(ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಆರೋಗ್ಯ ಮಾಹಿತಿ ಉಪನ್ಯಾಸ)



ನಮ್ಮ ಸಂಘದ ಸಭೆಗಳಲ್ಲಿ ಸಾಲ, ಉಳಿತಾಯ, ಬಡ್ಡಿಯ ಬಗ್ಗೆ ಮಾತಾಡುತ್ತೇವೆ. ಬಿ.ಪಿ., ಶುಗರ್ ಇದ್ದರೆ ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇವೆ. ಆದರೆ "ನಾನು ಹೆದರಿಕೆಗೆ, ನಿದ್ದೆಗೆ ಗುಳಿಗೆ ತಗೊಳ್ತಿದ್ದೀನಿ" ಅಂತ ಬಾಯಿಬಿಟ್ಟು ಹೇಳುವವರು ಕಡಿಮೆ. ಗುಟ್ಟಾಗಿ ನುಂಗುತ್ತೇವೆ, ಗುಟ್ಟಾಗಿಯೇ ಒಂದು ದಿನ ಬಿಟ್ಟುಬಿಡುತ್ತೇವೆ. ಆ ಬಿಡುವ ವಿಷಯವನ್ನೇ ಇವತ್ತು ಮಾತಾಡೋಣ. ಯಾಕೆಂದರೆ ಅಲ್ಲೇ ಅಪಾಯ ಇರುವುದು.

ಯಾವ ಗುಳಿಗೆ ಇದು? ಆಲ್ಪ್ರಜೋಲಾಮ್, ಡಯಾಜೆಪಾಮ್, ಲೋರಾಜೆಪಾಮ್, ಕ್ಲೋನಾಜೆಪಾಮ್. ಇವೆಲ್ಲ ಒಂದೇ ಕುಟುಂಬದವು. ಕುಟುಂಬದ ಹೆಸರು ಬೆಂಜೋಡಯಾಜೆಪಿನ್. ಮಾತ್ರೆಯ ಹಾಳೆಯ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು "ಪಾಮ್" ಅಥವಾ "ಲಾಮ್" ಅಂತ ಮುಗಿದರೆ ವೈದ್ಯರನ್ನೋ ನರ್ಸಮ್ಮನನ್ನೋ ಕೇಳಿ ತಿಳಿದುಕೊಳ್ಳಿ. ಈ ಔಷಧಗಳು ಕೆಟ್ಟವಲ್ಲ. ತುಂಬಾ ಹೆದರಿಕೆ ಇದ್ದಾಗ ಕೆಲವು ದಿನ, ಕೆಲವು ವಾರ ಒಳ್ಳೆಯ ಉಪಕಾರ ಮಾಡುತ್ತವೆ. ತೊಂದರೆ ಬರುವುದು ತಿಂಗಳುಗಟ್ಟಲೆ ದಿನಾ ನುಂಗಿ ಥಟ್ಟನೆ ನಿಲ್ಲಿಸಿದಾಗ.

ಯಾಕೆ ಹೀಗಾಗುತ್ತದೆ? ನಮ್ಮ ಮೆದುಳಿನಲ್ಲಿ ನರಗಳನ್ನು ಶಾಂತಗೊಳಿಸುವ ಒಂದು ವಸ್ತು ಇದೆ. ಗುಳಿಗೆ ಅದಕ್ಕೆ ಬಲ ಕೊಡುತ್ತದೆ. ದಿನಾ ಹೊರಗಿನಿಂದ ಬಲ ಸಿಗುತ್ತಿದ್ದರೆ ಮೆದುಳು ಅದಕ್ಕೇ ಒಗ್ಗಿಕೊಳ್ಳುತ್ತದೆ. ಗೊನೆ ಬಿಟ್ಟ ಬಾಳೆಗಿಡಕ್ಕೆ ಊರುಗೋಲು ಕೊಟ್ಟಿರುತ್ತೇವಲ್ಲ, ಅದನ್ನು ಒಮ್ಮೆಲೇ ಎಳೆದರೆ ಗಿಡ ವಾಲುತ್ತದೆ. ಅದು ಗಿಡದ ತಪ್ಪಲ್ಲ. ವೈದ್ಯರು ಬರೆದ ಪ್ರಮಾಣದಲ್ಲೇ ನುಂಗಿದವರಿಗೂ ಹೀಗಾಗಬಹುದು. ಆದ್ದರಿಂದ ಇದು ಚಟವೂ ಅಲ್ಲ, ನಡತೆಯ ದೋಷವೂ ಅಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಗುಳಿಗೆ ಬಿಟ್ಟ ಮೇಲೆ ಎದೆ ಹೊಡೆದುಕೊಳ್ಳುತ್ತದೆ, ಬೆವರು ಬರುತ್ತದೆ, ನಿದ್ದೆ ಇಲ್ಲ, ಕೈ ನಡುಗುತ್ತದೆ. ಆಗ ನಾವು "ನನ್ನ ಕಾಯಿಲೆ ವಾಪಸ್ ಬಂತು, ಇನ್ನು ಸಾಯೋವರೆಗೂ ಗುಳಿಗೆಯೇ ಗತಿ" ಅಂದುಕೊಳ್ಳುತ್ತೇವೆ. ಹಾಗೆ ತೀರ್ಮಾನಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು: ಯಾವಾಗ ಶುರುವಾಯಿತು? ಆಲ್ಪ್ರಜೋಲಾಮ್‌ನಂಥ ಗುಳಿಗೆ ದೇಹದಿಂದ ಬೇಗ ಇಳಿಯುತ್ತದೆ. ಬಿಟ್ಟ 1–2 ದಿನದಲ್ಲೇ ಸಂಕಟ ಕಾಣಿಸಬಹುದು. ಡಯಾಜೆಪಾಮ್ ನಿಧಾನವಾಗಿ ಇಳಿಯುತ್ತದೆ. ಹಾಗಾಗಿ ಕೆಲವು ದಿನ ಚೆನ್ನಾಗಿದ್ದು, ವಾರದ ಹೊತ್ತಿಗೆ ಶುರುವಾಗಬಹುದು. ಹಳೆಯ ಆತಂಕ ಮರಳುವುದಾದರೆ ಸಾಮಾನ್ಯವಾಗಿ ವಾರಗಳ ಮೇಲೆ, ಮೆಲ್ಲಮೆಲ್ಲಗೆ ಬರುತ್ತದೆ.

ಎರಡು: ಇದು ಮೊದಲೂ ಇತ್ತೇ, ಹೊಸದೇ? ಪಾತ್ರೆಯ ಸದ್ದು, ಬಲ್ಬಿನ ಬೆಳಕು ತಡೆಯಲಾಗದಿರುವುದು, ಕಿವಿಯಲ್ಲಿ ಗುಂಯ್ ಅನ್ನುವುದು, ಚರ್ಮದ ಮೇಲೆ ಇರುವೆ ಹರಿದಂತಾಗುವುದು, ಮಾಂಸಖಂಡ ಅದುರುವುದು, ಬಾಯಲ್ಲಿ ಲೋಹದ ರುಚಿ. ಗುಳಿಗೆ ಶುರುಮಾಡುವ ಮೊದಲು ಇವು ಇರಲಿಲ್ಲ ಎಂದಾದರೆ ಗುಳಿಗೆ ಬಿಟ್ಟ ಸಂಕಟದ ಕಡೆಗೇ ಬೆರಳು ತೋರುತ್ತವೆ.

ಮೂರು: ಹೇಗೆ ಸಾಗುತ್ತಿದೆ? ಬಿಟ್ಟ ಸಂಕಟ ಏರುತ್ತದೆ, ಇಳಿಯುತ್ತದೆ, ಕಾಲ ಕಳೆದಂತೆ ಹೆಚ್ಚಿನವರಿಗೆ ಕಡಿಮೆಯಾಗುತ್ತದೆ. ಕೆಲವರಿಗೆ ವಾರ, ಕೆಲವರಿಗೆ ತಿಂಗಳುಗಳೇ ಬೇಕಾಗಬಹುದು. ಹಳೆಯ ಆತಂಕವಾದರೆ ತನ್ನಷ್ಟಕ್ಕೆ ಕರಗುವುದಿಲ್ಲ. ಅದೇ ಸಾಲದ ಚಿಂತೆ, ಮಗಳ ಮದುವೆಯ ಚಿಂತೆಯ ಸುತ್ತಲೇ ಸುತ್ತುತ್ತಿರುತ್ತದೆ.

ಒಂದು ಉದಾಹರಣೆ ಊಹಿಸಿಕೊಳ್ಳಿ. ಒಬ್ಬಾಕೆ ಐದು ತಿಂಗಳಿಂದ ರಾತ್ರಿ ಆಲ್ಪ್ರಜೋಲಾಮ್ ನುಂಗುತ್ತಿದ್ದಾಳೆ. ಮಗಳ ಬಾಣಂತನಕ್ಕೆ ಹೋಗುವಾಗ ಗುಳಿಗೆ ಮನೆಯಲ್ಲೇ ಮರೆತಳು. ಎರಡನೇ ರಾತ್ರಿ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಮೂರನೇ ದಿನ ಕುಕ್ಕರ್ ಸೀಟಿ ಕೇಳಿದರೂ ತಲೆ ಸಿಡಿಯುತ್ತದೆ, ಕೈ ನಡುಗಿ ಮಗುವನ್ನು ಎತ್ತಿಕೊಳ್ಳಲು ಭಯ. ಮನೆಯವರು ಹಳೇ ಕಾಯಿಲೆ ಅಂದರು, ಪಕ್ಕದವರು ಗಾಳಿ ಸೋಕಿದೆ ಅಂದರು. ಕ್ಯಾಲೆಂಡರ್ ನೋಡಿದ್ದರೆ ಉತ್ತರ ಅಲ್ಲೇ ಇತ್ತು!

ಆದರೆ ಒಂದು ಮಾತು. ಎರಡೂ ಒಟ್ಟಿಗೆ ಇರಬಹುದು. ಥೈರಾಯ್ಡ್, ರಕ್ತಹೀನತೆ, ಮುಟ್ಟು ನಿಲ್ಲುವ ಕಾಲದ ಬದಲಾವಣೆಗಳಿಂದಲೂ ಎದೆ ಹೊಡೆದುಕೊಳ್ಳಬಹುದು. ಆದ್ದರಿಂದ ಕೊನೆಯ ತೀರ್ಮಾನ ವೈದ್ಯರದು. ನಮ್ಮ ಕೆಲಸ ಲೆಕ್ಕ ಬರೆಯುವುದು. ಸಂಘದ ಪುಸ್ತಕ ಬರೆಯುವ ನಮಗೆ ಅದೇನು ಕಷ್ಟ? ಒಂದು ನೋಟುಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ: ತಾರೀಕು, ನುಂಗಿದ ಗುಳಿಗೆ ಮತ್ತು ಹೊತ್ತು, ಏನಾಯಿತು, ಇದು ಮೊದಲಿತ್ತೇ ಇಲ್ಲವೇ. ದಿನಾ ಗುಳಿಗೆಯ ಹೊತ್ತಿಗೆ ಸ್ವಲ್ಪ ಮುಂಚೆಯೇ ಚಡಪಡಿಕೆ ಆಗುತ್ತಿದ್ದರೆ ಅದನ್ನೂ ಬರೆಯಿರಿ. ಅದೂ ಗುಳಿಗೆಯ ಬಲ ಇಳಿಯುವ ಸೂಚನೆ ಇರಬಹುದು. ಆ ಪುಸ್ತಕ ವೈದ್ಯರ ಮುಂದೆ ಇಡಿ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ? ಫಿಟ್ಸ್ ಬಂದರೆ, ಇಲ್ಲದ್ದು ಕಂಡರೆ ಅಥವಾ ಕೇಳಿಸಿದರೆ, ದಿಕ್ಕು ತೋಚದಂತೆ ಗೊಂದಲವಾದರೆ, ಜ್ವರದ ಜೊತೆ ತೀವ್ರ ನಡುಕವಿದ್ದರೆ, ಸಾಯುವ ಯೋಚನೆ ಬಂದರೆ. ಕಾಯಬೇಡಿ, 108ಕ್ಕೆ ಫೋನ್ ಮಾಡಿ, ಇಂಥ ಗುಳಿಗೆ ಇಂಥ ದಿನ ಬಿಟ್ಟಿದ್ದಾರೆ ಅಂತ ಮೊದಲು ಹೇಳಿ. ಥಟ್ಟನೆ ಬಿಡುವುದು ಪ್ರಾಣಕ್ಕೂ ಅಪಾಯವಾಗಬಹುದು.

ಹಾಗಾದರೆ ಬಿಡುವುದೇ ಬೇಡವೇ? ಬಿಡಬಹುದು, ಮೆಟ್ಟಿಲು ಮೆಟ್ಟಿಲಾಗಿ. 2025ರಲ್ಲಿ ಅಮೆರಿಕದ ವೈದ್ಯರ ಸಂಘಗಳು ಕೊಟ್ಟ ಮಾರ್ಗಸೂಚಿಯಂತೆ, ಶುರುವಿನಲ್ಲಿ 2ರಿಂದ 4 ವಾರಕ್ಕೊಮ್ಮೆ ಪ್ರಮಾಣವನ್ನು ನೂರಕ್ಕೆ 5ರಿಂದ 10ರಷ್ಟು ಮಾತ್ರ ಇಳಿಸುವುದನ್ನು ಯೋಚಿಸಬೇಕು. ಎಷ್ಟು, ಯಾವಾಗ ಅಂತ ನಿಮ್ಮ ವೈದ್ಯರೇ ಹೇಳಬೇಕು. ನೀವೇ ಗುಳಿಗೆ ಮುರಿದು ಲೆಕ್ಕ ಹಾಕಬೇಡಿ. ನೆರೆಯವರ ಗುಳಿಗೆ ಕೇಳಿ ನುಂಗಬೇಡಿ. ನಿದ್ದೆ ಬರಲಿ ಅಂತ ಇದರ ಜೊತೆ ಸಾರಾಯಿ ಮುಟ್ಟಲೇಬೇಡಿ, ಉಸಿರೇ ನಿಂತೀತು. ಚೀಟಿ ಇಲ್ಲದೆ ಅಂಗಡಿಯವರು ಕೊಡದಿದ್ದರೆ ಜಗಳವಾಡಬೇಡಿ. ಆಲ್ಪ್ರಜೋಲಾಮ್, ಡಯಾಜೆಪಾಮ್ ಮಾರಿದಾಗ ವೈದ್ಯರ ಮತ್ತು ರೋಗಿಯ ಹೆಸರು ಬರೆದಿಡಬೇಕೆಂಬ ಕಾನೂನು 2014ರಿಂದ ಇದೆ. ಅದು ನಮ್ಮ ಒಳ್ಳೆಯದಕ್ಕೇ.

ಇನ್ನೊಂದು ವಿಷಯ, ಕನ್ಯಾಸ್ತ್ರೀಯಾಗಿ ಹೇಳಲೇಬೇಕು. ಧ್ಯಾನಕೂಟಕ್ಕೆ ಹೋಗಿಬಂದು, ಹರಕೆ ಹೊತ್ತು, ಉಪವಾಸ ಹಿಡಿದು "ಇನ್ನು ದೇವರೇ ನೋಡಿಕೊಳ್ಳಲಿ" ಅಂತ ಗುಳಿಗೆ ಎಸೆಯುವವರಿದ್ದಾರೆ. ಪ್ರಾರ್ಥನೆ ಬಿಡಬೇಡಿ. ಗುಳಿಗೆಯನ್ನೂ ಹಾಗೆ ಬಿಡಬೇಡಿ. ವೈದ್ಯರ ಬುದ್ಧಿಯನ್ನು ಕೊಟ್ಟವನೂ ದೇವರೇ. ಗುಳಿಗೆ ನುಂಗಿದರೆ ನಂಬಿಕೆ ಕಡಿಮೆಯಾಯಿತೆಂದು ಅರ್ಥವಲ್ಲ.

ಎಲ್ಲಿ ಕೇಳಬೇಕು? ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೇಳಿ. ಅಷ್ಟು ದೂರ ಹೋಗಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರುಮಾಡಿದ ಟೆಲಿ ಮಾನಸ್ ಸೇವೆ ಇದು. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸಹೋದರಿಯರೇ, ಸಾಲ ಕಟ್ಟಲಾಗದವಳ ಮನೆಗೆ ನಾವು ಗುಂಪಾಗಿ ಹೋಗಿ ವಿಚಾರಿಸುತ್ತೇವೆ. ಮೂರು ದಿನದಿಂದ ನಿದ್ದೆ ಇಲ್ಲದವಳ ಮನೆಗೂ ಹೋಗೋಣ. "ನಿಂಗೇನಾಗಿದೆ" ಅಂತ ಬೈಯುವ ಬದಲು "ಯಾವುದಾದ್ರೂ ಗುಳಿಗೆ ಬಿಟ್ಯಾ, ಯಾವತ್ತು ಬಿಟ್ಟೆ" ಅಂತ ಮೆಲ್ಲಗೆ ಕೇಳೋಣ. ಆ ಒಂದು ಪ್ರಶ್ನೆ ಒಂದು ಜೀವ ಉಳಿಸೀತು.