ಕೊಬ್ಬರಿ ಎಣ್ಣೆ, ಕುಸುಬಿ ಎಣ್ಣೆ, ಬೂತಾಯಿ

ಚಳಿಗಾಲದಾಗ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತೆ, ಪಕ್ಕದ ಕುಸುಬಿ ಎಣ್ಣೆ ಆಗಲ್ಲ. ಕೂಡ್ಲಿಗಿ, ಕೊಟ್ಟೂರು ಕಡೆಯವರಿಗೆ ಇದೇನು ಹೊಸದಲ್ಲ. ನಾನು ಹೂವಿನ ಹಡಗಲಿಯವನು. ಊರಿನ ಹೆಸರಲ್ಲಿ ಹಡಗಿದೆ, ಕಡಲಿಲ್ಲ! ಆದರೂ ಕಡಲ ಮೀನಿನ ಕಥೆ ನನಗೆ ಅರ್ಥವಾಗಿದ್ದು ಈ ಎರಡು ಬಾಟಲಿಯಿಂದಲೇ.

ಕಡಲ ಜೀವಿಗಳ ಜೀವಕೋಶದ ಪೊರೆಯಲ್ಲಿ ಕೊಬ್ಬಿರುತ್ತೆ. ತಣ್ಣೀರಲ್ಲಿ ಅದು ಗಟ್ಟಿಯಾಗದಿರಲು ಕುಸುಬಿ ಎಣ್ಣೆಯಂತೆ ಹರಿಯುವ ಕೊಬ್ಬು ಬೇಕು. ಒಮೆಗಾ-3 ಅಂಥದ್ದು. ನೀರು ಬಿಸಿಯಾದಷ್ಟೂ ಅದರ ಅಗತ್ಯ ಕಮ್ಮಿ, ಹಾಗಾಗಿ ಸೂಕ್ಷ್ಮ ಪಾಚಿಗಳು ಅದನ್ನು ತಯಾರಿಸೋದೂ ಕಮ್ಮಿ. ಮಂಗಳೂರಿನ ಬೂತಾಯಿಗೆ ಒಮೆಗಾ-3 ಬರೋದು ಹೆಚ್ಚಾಗಿ ಆ ಪಾಚಿಯಿಂದಲೇ. ಪಾಚಿ ಬಡವಾದರೆ ಮೀನೂ ಬಡವೇ.

ಇನ್ನೊಂದು ಪೆಟ್ಟು ಆಮ್ಲತೆಯದು. ನಾವು ಬಿಟ್ಟ ಕಾರ್ಬನ್ ಡೈಆಕ್ಸೈಡ್ ಕರಗಿ, ಕೈಗಾರಿಕಾ ಯುಗ ಶುರುವಾದಾಗಿಂದ ಕಡಲ ಮೇಲ್ನೀರಿನ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಇಷ್ಟೇನಾ ಅನ್ನಬೇಡಿ, ಆಮ್ಲತೆ ಶೇ. 30ರ ಹತ್ತಿರ ಹೆಚ್ಚಾದ ಲೆಕ್ಕ ಅದು. ಜರ್ಮನಿಯ ಕೀಲ್‌ನ ವಿಜ್ಞಾನಿಗಳು 2012ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾರ್ಬನ್ ಡೈಆಕ್ಸೈಡ್ ಹೆಚ್ಚಿದ್ದ ನೀರಿನ ಪಾಚಿಯಲ್ಲಿ ಒಳ್ಳೆ ಕೊಬ್ಬು ಇಳಿಯಿತು. ಅದನ್ನು ತಿಂದ ಪುಟಾಣಿ ಕೊಪೆಪಾಡ್‌ಗಳು ಇಟ್ಟ ಮೊಟ್ಟೆಯೂ ಕಮ್ಮಿಯಾಯಿತು. ಎಲ್ಲ ಪಾಚಿಗೂ ಹೀಗೇ ಆಗುತ್ತೆ ಅಂತಲ್ಲ. ಆದರೆ ಈ ಕೊಪೆಪಾಡ್‌ಗಳೂ ಬೂತಾಯಿಯ ಊಟವೇ.

ನಮ್ಮ ದೇಹ ಈ ಕೊಬ್ಬನ್ನು ತಾನೇ ಮಾಡಿಕೊಳ್ಳೋದು ತೀರಾ ಸ್ವಲ್ಪ. ಹರಪನಹಳ್ಳಿಯ ಮೆಡಿಕಲ್ ಶಾಪಲ್ಲಿ ಕೊಳ್ಳೋ ಫಿಶ್ ಆಯಿಲ್ ಕ್ಯಾಪ್ಸೂಲ್ ಇರಲಿ, ಹಗರಿಬೊಮ್ಮನಹಳ್ಳಿಗೆ ಐಸ್‌ನಲ್ಲಿ ಬರೋ ಬಂಗಡೆ ಇರಲಿ, ಒಳಗಿನ ಒಮೆಗಾ-3 ಹೊರಟಿದ್ದು ಅದೇ ಪಾಚಿಯಿಂದ.