ಏಪ್ರಿಲ್ ಹತ್ತರ ಅನಂತರದ ಗಿಡಗಳು
(ಅರಕೇರಾ ಸೀಮೆಯ ಪ್ರಾಥಮಿಕ ಶಾಲೆಗಳ ವಸಂತವನ್ನು ಕುರಿತ ಉಪನ್ಯಾಸದ ಪಠ್ಯ)



ಮಲೆನಾಡಿನ ಮಕ್ಕಳಿಗೆ ವಸಂತವೆಂದರೆ ಮಾವಿನ ಮಿಡಿ, ಸುರಗಿಯ ಹೂವು, ಏಪ್ರಿಲ್ ತಿಂಗಳಿನಲ್ಲಿ ಗುಡುಗಿನೊಡನೆ ಬಂದು ಹೋಗುವ ಒಂದೆರಡು ಮಳೆ. ಅದೇ ದಿನಗಳಲ್ಲಿ ರಾಯಚೂರು ಜಿಲ್ಲೆಯ ದೇವದುರ್ಗ ಭಾಗದ ಅರಕೇರಾದಲ್ಲಿ ಎರೆಹೊಲಗಳು ಬಿರಿದು ನಿಂತಿರುತ್ತವೆ. ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ ರಾಯಚೂರು ಜಿಲ್ಲೆಯ ವಾರ್ಷಿಕ ಸರಾಸರಿ 600 ಮಿಲಿಮೀಟರಿನ ಆಸುಪಾಸಿನಲ್ಲಿದೆ. ಅರಣ್ಯದ ಪ್ರಮಾಣ ತೀರ ಕಡಿಮೆಯಿರುವ ಜಿಲ್ಲೆಗಳ ಸಾಲಿನಲ್ಲಿ ಅದರ ಹೆಸರು ತಪ್ಪದೆ ಬರುತ್ತದೆ. ಸಸಿಯೊಂದನ್ನು ನೆಟ್ಟು ಮರೆತರೂ ಅದು ಹೇಗೋ ಬದುಕಿಕೊಳ್ಳುವ ನಾಡಿನಲ್ಲಿ ರೂಪುಗೊಂಡ ಪರಿಸರ ಶಿಕ್ಷಣದ ಮಾತುಗಳನ್ನು ಇಂತಹ ಸೀಮೆಗೆ ಹಾಗೆಯೇ ಒಯ್ದರೆ ಏನಾಗುತ್ತದೆ ಎಂಬುದೇ ಇಂದಿನ ವಿಷಯ.

ಘಟ್ಟದ ಜನರಿಗೂ ಬಯಲಿನ ಈ ಶಾಲೆಗಳಿಗೂ ಸಂಬಂಧವೇನೆಂದು ಕೇಳುವವರಿದ್ದಾರೆ. ಸಂಬಂಧ ನೀರಿನದು. ಮಹಾಬಲೇಶ್ವರದಲ್ಲಿ ಹುಟ್ಟುವ ಕೃಷ್ಣೆಯನ್ನು ನಾರಾಯಣಪುರದ ಬಸವಸಾಗರದಲ್ಲಿ ತಡೆದು ನಿಲ್ಲಿಸಿ, ಬಲದಂಡೆ ಕಾಲುವೆಯ ಮೂಲಕ ದೇವದುರ್ಗದ ಹೊಲಗಳಿಗೆ ಹರಿಸಲಾಗುತ್ತದೆ. ನೆರೆಯ ಮಾನ್ವಿಯ ಭತ್ತದ ಗದ್ದೆಗಳು ತುಂಗಭದ್ರೆಯನ್ನು ನಂಬಿವೆ. ತುಂಗೆ, ಭದ್ರೆಗಳೆರಡೂ ಹುಟ್ಟುವುದು ಗಂಗಾಮೂಲದಲ್ಲಿ. ಘಟ್ಟದ ಕಾಡು ಕರಗಿದ ಸುದ್ದಿ ಬಯಲಿನಲ್ಲಿ ಮೊದಲು ಮುಟ್ಟುವುದು ಕಾಲುವೆಯ ಕೊನೆಯಂಚಿನ ರೈತನಿಗೆ.

ವಸಂತದಲ್ಲಿ ಅರಕೇರಾ ಸೀಮೆಯ ಪ್ರಾಥಮಿಕ ಶಾಲೆಗಳ ದಿನಚರಿ ಬಿಸಿಲಿಗೆ ತಕ್ಕಂತೆ ಬದಲಾಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ರೂಢಿಯಿದೆ. ಶಾಲೆಯೂ ಬೆಳಗಿನ ಹೊತ್ತಿಗೆ ಸರಿಯುತ್ತದೆ. ಮಾರ್ಚ್ ತಿಂಗಳಿನಲ್ಲಿ ವರ್ಷದ ಕೊನೆಯ ಮೌಲ್ಯಮಾಪನ. ಏಪ್ರಿಲ್ 10ರ ಸುಮಾರಿಗೆ ಪಾಲಕರನ್ನು ಕರೆದು ಮಕ್ಕಳ ಪ್ರಗತಿಯನ್ನು ತಿಳಿಸುವ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮ. ಅಂದು ಮುಚ್ಚಿದ ಬಾಗಿಲು ಮತ್ತೆ ತೆರೆಯುವುದು ಮೇ ತಿಂಗಳ ಕೊನೆಯಲ್ಲಿ.

ಆದರೆ ತರಗತಿಯ ಸಾಲುಗಳು ಏಪ್ರಿಲ್ ಹತ್ತಕ್ಕೂ ಮೊದಲೇ ತೆಳುವಾಗಿರುತ್ತವೆ. ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನಕಾಯಿ ಬಿಡಿಸುವ ಸುಗ್ಗಿ. ಅದಕ್ಕೂ ಹಿಂದೆ ಹತ್ತಿಯದು. ಗೂಡ್ಸ್ ವಾಹನಗಳಲ್ಲಿ ದೊಡ್ಡವರೊಡನೆ ಮಕ್ಕಳೂ ಹೊಲಕ್ಕೆ ಹೋಗುವುದು ಈ ಭಾಗದಲ್ಲಿ ಯಾರಿಗೂ ಹೊಸ ದೃಶ್ಯವಲ್ಲ. ಸುಗ್ಗಿ ಮುಗಿದು ಕೈಗೆ ಕೆಲಸವಿಲ್ಲದಾದಾಗ ಗುಳೆ. ಬೆಂಗಳೂರು, ಹೈದರಾಬಾದ್, ಪುಣೆಯ ಕಟ್ಟಡ ಕಾಮಗಾರಿಗಳಿಗೆ ಹೊರಡುವ ಕುಟುಂಬಗಳು ಚಿಕ್ಕ ಮಕ್ಕಳನ್ನು ಬಿಟ್ಟು ಹೋಗುವುದಾದರೂ ಯಾರ ಬಳಿ? 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75.36 ಇದ್ದಾಗ ರಾಯಚೂರು ಜಿಲ್ಲೆಯದು 59.56. ಈ ಅಂತರದಲ್ಲಿ ಗುಳೆಯ ಪಾಲು ದೊಡ್ಡದು. ಶಾಲೆ ಬಿಟ್ಟ ಮಕ್ಕಳಿಗಾಗಿ ಬೇಸಿಗೆಯ ಎರಡು ತಿಂಗಳು ನಡೆಸುತ್ತಿದ್ದ ‘ಚಿಣ್ಣರ ಅಂಗಳ’, ಗುಳೆ ಹೋದವರ ಮಕ್ಕಳಿಗೆ ತೆರೆದ ಋತುಮಾನದ ವಸತಿ ಕೇಂದ್ರಗಳು, ಇವೆಲ್ಲ ಆ ಅಂತರವನ್ನು ತುಂಬಲು ಹೊರಟ ಪ್ರಯತ್ನಗಳೇ.

ಮಕ್ಕಳಿಲ್ಲದ ಬೆಂಚಿನ ಆಚೆ, ಕಿಟಕಿಯ ಹೊರಗೆ, ಇದೇ ಹೊತ್ತಿನಲ್ಲಿ ವರ್ಷದ ಅತ್ಯಂತ ಶ್ರೀಮಂತ ಪಾಠ ನಡೆದಿರುತ್ತದೆ. ಫೆಬ್ರವರಿಯ ಕೊನೆಗೆ ಮುತ್ತುಗವು ಎಲೆಯೊಂದೂ ಇಲ್ಲದ ರೆಂಬೆಗಳ ಮೇಲೆ ಕೆಂಡದ ಬಣ್ಣದ ಹೂ ತಳೆಯುತ್ತದೆ. ಹೋಳಿಗೆ ಬಣ್ಣ ಕುದಿಸುತ್ತಿದ್ದುದು ಅದರಿಂದಲೇ. ಹುಣಸೆಯ ಹಣ್ಣು ಬಡಿದು ಇಳಿಸುವ ಕಾಲವದು. ಕರಿಜಾಲಿಯ ಕಾಯಿ ಉದುರತೊಡಗಿ ಕುರಿಮೇಕೆಗಳಿಗೆ ಮೇವಾಗುತ್ತದೆ. ಹೊಂಗೆ ಒಂದೇ ವಾರದಲ್ಲಿ ಹಳೆಯ ಎಲೆಯನ್ನೆಲ್ಲ ಕೆಡವಿ, ಮರುವಾರ ಎಣ್ಣೆ ಹಚ್ಚಿದಂತೆ ಹೊಳೆಯುವ ಚಿಗುರನ್ನು ಹೊದೆಯುತ್ತದೆ. ಮಳೆಯ ಹನಿಯೂ ಇಲ್ಲದ, ನೆಲ ಕಾದು ಸುಡುವ ಹೊತ್ತಿನಲ್ಲಿ ಈ ಮರಗಳು ಚಿಗುರುವುದಾದರೂ ಹೇಗೆ? ಎಲೆ ಕೆಡವಿ ಉಳಿಸಿದ ನೀರು, ಆಳಕ್ಕಿಳಿದ ಬೇರು ತರುವ ನೀರು, ಇವೆರಡನ್ನೂ ನಂಬಿ. ಪರಿಸರ ಅಧ್ಯಯನದ ಪುಸ್ತಕದಲ್ಲಿ ‘ವಸಂತ ಋತುವಿನಲ್ಲಿ ಮರಗಿಡಗಳು ಚಿಗುರುತ್ತವೆ’ ಎಂಬ ಒಂದು ವಾಕ್ಯವಾಗಿ ಮುಗಿದುಹೋಗುವ ಸಂಗತಿಯಿದು.

ಬೇವಿನ ವಿಚಾರವನ್ನು ತುಸು ಹೆಚ್ಚು ಹೇಳಬೇಕು. ಅರಕೇರಾ ಸೀಮೆಯ ಶಾಲಾ ಅಂಗಳಕ್ಕೆ ಅದಕ್ಕಿಂತ ಒಪ್ಪುವ ಮರವಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಅದು ಹೂಬಿಡುತ್ತದೆ. ಯುಗಾದಿಯ ದಿನ ಮಲೆನಾಡಿನಲ್ಲಿ ಬೇವುಬೆಲ್ಲವನ್ನು ನಾಲಗೆಗೆ ಮುಟ್ಟಿಸಿಕೊಳ್ಳುವುದಾದರೆ, ಈ ಕಡೆ ಅದನ್ನು ಬಟ್ಟಲು ತುಂಬ ಕುಡಿಯುತ್ತಾರೆ: ಬೇವಿನ ಹೂವು, ಬೆಲ್ಲ, ಹುಣಸೆಯ ನೀರು, ಮಾವಿನಕಾಯಿಯ ತುರಿ, ಪುಟಾಣಿ ಬೆರೆಸಿದ ಪಾನಕ, ಅದರ ಹೆಸರೇ ಬೇವು. ಹೂವು ತರಲು ಮರವೇರುವವರು ಮಕ್ಕಳು. ಬೇವಿನ ಮೇಲೆ ಕೂಡ ಪೇಟೆಂಟ್ ಪಡೆದವರಿದ್ದರು. 1994ರಲ್ಲಿ ಯೂರೋಪಿನಲ್ಲಿ ಅಮೆರಿಕದ ಕಂಪನಿಯೊಂದಕ್ಕೂ ಅಲ್ಲಿಯ ಕೃಷಿ ಇಲಾಖೆಗೂ ದೊರೆತ ಶಿಲೀಂಧ್ರನಾಶಕದ ಪೇಟೆಂಟ್ 2000ದಲ್ಲಿ ರದ್ದಾಯಿತು. ಮೇಲ್ಮನವಿಯೂ 2005ರಲ್ಲಿ ಬಿದ್ದುಹೋಯಿತು. ರದ್ದಿಗೆ ಆಧಾರವಾದುದು ಆ ಜ್ಞಾನ ಹೊಸದಲ್ಲ ಎಂಬ ವಾದ. ಬಲ್ಲವರು ಹಳ್ಳಿಗಳಲ್ಲಿ ಮೊದಲೇ ಇದ್ದರು.

ಶಾಲೆಯ ಮಕ್ಕಳು ಈ ಬೇವಿನ ದಿನಚರಿಯನ್ನು ಬರೆದಿಟ್ಟರೆ ಅದು ಆಟದ ಚಟುವಟಿಕೆಯಾಗಿ ಮುಗಿಯುವುದಿಲ್ಲ. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂಬಿಡುವ ದಿನದ ದಾಖಲೆಗಳು 1,200 ವರ್ಷ ಹಿಂದಕ್ಕೆ ಹೋಗುತ್ತವೆ. 2021ರಲ್ಲಿ ಅದು ಪೂರ್ತಿ ಅರಳಿದ್ದು ಮಾರ್ಚ್ 26ರಂದು, ಆ ದಾಖಲೆಗಳಲ್ಲೇ ಆ ವರೆಗಿನ ಅತಿ ಬೇಗ. ಭಾರತದಲ್ಲಿ ‘ಸೀಸನ್‌ವಾಚ್’ ಎಂಬ ಯೋಜನೆ 2010ರ ಸುಮಾರಿಗೆ ಆರಂಭವಾಗಿ, ವಿಶೇಷವಾಗಿ ಕೇರಳದ ಶಾಲಾ ಮಕ್ಕಳನ್ನು ಒಳಗೊಂಡಿತು. ವಿಧಾನ ಬಹಳ ಸರಳ. ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಅದರ ಚಿಗುರು, ಎಲೆ, ಮೊಗ್ಗು, ಹೂವು, ಕಾಯಿ, ಹಣ್ಣುಗಳನ್ನು ನೋಡಿ ‘ಇಲ್ಲ, ಕೆಲವು, ಹಲವು’ ಎಂದು ಗುರುತಿಸುವುದು, ಅಷ್ಟೆ. ವಿಷುವಿನ ಹೂವಾದ ಕಕ್ಕೆ ಹಬ್ಬಕ್ಕೂ ಬಹಳ ಮೊದಲೇ ಅರಳುತ್ತಿರುವುದು ಹೀಗೆ ದಾಖಲಾದ ಸಂಗತಿಗಳಲ್ಲೊಂದು. ಅರಕೇರಾದಲ್ಲಿ ಇದನ್ನು ಮಾಡುವಾಗ ಒಂದು ಎಚ್ಚರ ಬೇಕು. ‘ಯುಗಾದಿಗೆ ಹೂ ಬಂದಿತ್ತೇ’ ಎಂದು ಕೇಳಿದರೆ ಸಾಲದು. ವಿಷುವಿನಂತೆ ಯುಗಾದಿ ಸೌರಮಾನದ ಹಬ್ಬವಲ್ಲ. 2024ರಲ್ಲಿ ಅದು ಏಪ್ರಿಲ್ 9ರಂದು, 2025ರಲ್ಲಿ ಮಾರ್ಚ್ 30ರಂದು ಬಂತು. ಬೇವು ಪಂಚಾಂಗ ನೋಡುವುದಿಲ್ಲವಾದ್ದರಿಂದ ಮಕ್ಕಳು ತಾರೀಖನ್ನೇ ಬರೆಯಬೇಕು.

ಇನ್ನು ಈ ಉಪನ್ಯಾಸದ ತಿರುಳಿಗೆ ಬರುವುದಾದರೆ, ಅದು ನೆಟ್ಟ ಸಸಿಗಳ ಗತಿ. ಜೂನ್ 5 ವಿಶ್ವ ಪರಿಸರ ದಿನ. 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ಆರಂಭವಾದ ಸಮ್ಮೇಳನದ ನೆನಪಿಗೆ ಗೊತ್ತುಮಾಡಿದ ದಿನವದು. ಆ ತಾರೀಖಿಗೂ ಅರಕೇರಾದ ಮಳೆಗೂ ಯಾವ ನಂಟೂ ಇಲ್ಲ. ಕರಾವಳಿ, ಮಲೆನಾಡುಗಳಲ್ಲಿ ಜೂನ್, ಜುಲೈ ಮಳೆಯ ತಿಂಗಳಾದರೆ ರಾಯಚೂರಿನಲ್ಲಿ ಸರಾಸರಿ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ಆದರೂ ರಾಜ್ಯದ ಎಲ್ಲ ಶಾಲೆಗಳಂತೆ ಇಲ್ಲಿಯೂ ಜೂನ್ ಐದರಂದೇ ಗುಂಡಿ ತೋಡಿ, ಸಸಿ ನೆಟ್ಟು, ಫೋಟೋ ತೆಗೆಯಲಾಗುತ್ತದೆ. ಆಗಸ್ಟ್‌ವರೆಗೆ ಜೀವ ಹಿಡಿದ ಸಸಿಯು ಚಳಿಗಾಲವನ್ನು ದಾಟುತ್ತದೆ. ಜನವರಿಯಲ್ಲಿ ನೋಡಿದವರಿಗೆ ಅದು ಬದುಕಿತೆಂದೇ ತೋರುತ್ತದೆ.

ಆ ಬಳಿಕ ಬರುವುದು ವಸಂತ. ಮೊದಲ ಪೆಟ್ಟು ಹೋಳಿಯದು: ಕಾಮದಹನಕ್ಕೆ ಕಟ್ಟಿಗೆ ಕೂಡಿಸುವ ಹುಡುಗರ ಕಣ್ಣು ಸಸಿಯ ಸುತ್ತಲಿನ ಮುಳ್ಳುಬೇಲಿಯ ಮೇಲೆ ಬಿದ್ದರೆ ಅಚ್ಚರಿಯಿಲ್ಲ. (ಬೇಲಿ ಕಟ್ಟಿದವರೂ ಅದೇ ಹುಡುಗರಾಗಿರಬಹುದು.) ಬೇಲಿ ಹೋದ ಮರುದಿನ ಮೇಕೆ ಬರುತ್ತದೆ. ಎರಡನೆಯದು ನೆಲದ್ದು. ಎರೆಮಣ್ಣು ಒಣಗಿ ಬಿರಿದಾಗ ಎಳೆಯ ಬೇರುಗಳು ಹರಿದುಹೋಗುತ್ತವೆ. ಮಸಾರಿ ನೆಲದಲ್ಲಿ ಬಿರುಕು ಕಡಿಮೆಯಾದರೂ ತೇವ ಬೇಗ ಆರುತ್ತದೆ. ಮೂರನೆಯ ಪೆಟ್ಟು ಶಾಲೆಯ ಕ್ಯಾಲೆಂಡರಿನದು, ಅದೇ ಎಲ್ಲಕ್ಕಿಂತ ಕಠಿಣ. ಸಸಿಗೆ ನೀರು ಅತ್ಯಗತ್ಯವಾದ ಏಳು ವಾರಗಳಲ್ಲಿ ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಮೇ ಕೊನೆಗೆ ಬಾಗಿಲು ತೆರೆದಾಗ ಕಡ್ಡಿಗಳು ನಿಂತಿರುತ್ತವೆ. ಜೂನ್ ಐದಕ್ಕೆ ಅದೇ ಗುಂಡಿಯಲ್ಲಿ ಹೊಸ ಸಸಿ.

ಹಾಗಾದರೆ ಬೇಕಾಗುವ ನೀರೆಷ್ಟು? ಇಪ್ಪತ್ತು ಸಸಿಗಳಿವೆಯೆಂದು ಇಟ್ಟುಕೊಂಡರೆ, ಸಸಿಗೆ ಐದು ಲೀಟರಿನಂತೆ ವಾರಕ್ಕೆ ಎರಡು ಬಾರಿ ಹಾಕಿದರೂ ಏಳು ವಾರಕ್ಕೆ 1,400 ಲೀಟರ್. ಟ್ರ್ಯಾಕ್ಟರ್ ಎಳೆಯುವ ಒಂದು ಟ್ಯಾಂಕರಿನ ಅರ್ಧದಷ್ಟೂ ಅಲ್ಲ. ಕೊರತೆಯಿರುವುದು ನೀರಿಗಿಂತ ಹೆಚ್ಚಾಗಿ ಅದನ್ನು ಹಾಕುವ ಕೈಗಳದು. ಹುಲಿಕಲ್–ಕುದೂರು ರಸ್ತೆಯ ಆಲದ ಸಾಲಿಗಾಗಿ ಸಾಲುಮರದ ತಿಮ್ಮಕ್ಕನವರನ್ನು ಎಲ್ಲ ಶಾಲೆಗಳಲ್ಲೂ ನೆನೆಯುತ್ತಾರೆ. ಆ ದಂಪತಿಗಳು ಸಸಿ ನೆಟ್ಟ ಸಂಗತಿಯನ್ನು ಮಕ್ಕಳು ಬಲ್ಲರು, ಕೊಡಗಟ್ಟಲೆ ನೀರು ಹೊತ್ತ ಸಂಗತಿಯನ್ನು ಪಾಠ ಬೇಗ ದಾಟಿಬಿಡುತ್ತದೆ.

ಹಾಕಿದ ನೀರು ಬಿಸಿಲಿಗೆ ಹಾರಿಹೋಗದಂತೆ ಮಾಡಲು ಹಳೆಯ ಉಪಾಯವೊಂದಿದೆ. ಸುಟ್ಟ ಮಣ್ಣಿನ, ಹೊಳಪು ಲೇಪಿಸದ ಮಡಕೆಯನ್ನು ಸಸಿಯ ಪಕ್ಕದಲ್ಲಿ ಕಂಠದವರೆಗೆ ಹೂತು, ನೀರು ತುಂಬಿ, ಬಾಯಿಗೆ ಮುಚ್ಚಳವಿಟ್ಟರೆ ಒಳಗಿನ ನೀರು ಮಣ್ಣಿನ ಒಣಗುವಿಕೆಗೆ ತಕ್ಕಷ್ಟೇ ಜಿನುಗುತ್ತ ಬೇರಿಗೆ ಸೇರುತ್ತದೆ. ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಚೀನಾದ ಕೃಷಿಗ್ರಂಥವೊಂದು ಇದನ್ನು ವರ್ಣಿಸಿದೆ. ಅರಕೇರಾಕ್ಕೆ ಇದರ ಗುಣವೆಂದರೆ ದಿನವೂ ಬರಬೇಕಾಗಿಲ್ಲ. ಮೂರ್ನಾಲ್ಕು ದಿನಕ್ಕೊಮ್ಮೆ ಮಡಕೆ ತುಂಬಿದರೆ ಸಾಕು. ಬುಡಕ್ಕೆ ಒಣ ಎಲೆ, ತೊಗರಿಕಟ್ಟಿಗೆಯ ಪುಡಿ ಹರಡಿದರೆ ಬಿರುಕೂ ಕಡಿಮೆಯಾಗುತ್ತದೆ.

ಶಾಲೆ ನಡೆಯುವಾಗ ನೀರಿನ ಇನ್ನೊಂದು ಮೂಲ ಕಣ್ಣೆದುರೇ ಇರುತ್ತದೆ. ಅಕ್ಷರ ದಾಸೋಹ ಯೋಜನೆ ಆರಂಭವಾದದ್ದು 2002ರಲ್ಲಿ, ರಾಯಚೂರು ಸೇರಿದಂತೆ ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಅಂದಿನಿಂದ ಪ್ರತಿ ಮಧ್ಯಾಹ್ನ ತಟ್ಟೆ ತೊಳೆದ ನೀರು ಅಂಗಳದಲ್ಲಿ ಹರಿಯುತ್ತಿದೆ. ಸಣ್ಣದೊಂದು ಕಾಲುವೆ ತೋಡಿ ಅದನ್ನು ಗಿಡಗಳತ್ತ ತಿರುಗಿಸಲು ಹಣ ಬೇಕಿಲ್ಲ. ರಜೆಯಲ್ಲಿ ಆ ನೀರೂ ನಿಲ್ಲುತ್ತದೆ, ನಿಜ. ಆದರೆ ಬರಗಾಲದ ವರ್ಷಗಳು ಬೇರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅದರ ಮುಂದುವರಿಕೆಯಾಗಿ 2024ರ ಬೇಸಿಗೆ ರಜೆಯಲ್ಲಿಯೂ ಆ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟಕ್ಕೆ ಆದೇಶವಾಯಿತು. ಅಂತಹ ವರ್ಷದಲ್ಲಿ ಮಕ್ಕಳು ಊಟಕ್ಕೆ ಬರುತ್ತಾರೆ, ಅಡುಗೆಯವರು ಇರುತ್ತಾರೆ, ತಟ್ಟೆ ತೊಳೆದ ನೀರಿರುತ್ತದೆ. ಮಳೆ ಬಾರದ ವರ್ಷದಲ್ಲಿಯೇ ಶಾಲೆಯ ಸಸಿಗಳಿಗೆ ಬದುಕುವ ಅವಕಾಶ ಹೆಚ್ಚಾಗಬಹುದೆಂಬುದು ವಿಚಿತ್ರವೆನಿಸಿದರೂ ಸುಳ್ಳಲ್ಲ.

ಬರವಿಲ್ಲದ ವರ್ಷಕ್ಕೆ ಮಾಡಬೇಕಾದ ಏರ್ಪಾಡು ಏಪ್ರಿಲ್ ಹತ್ತರಂದೇ ಆಗಬೇಕು. ‘ಸಮುದಾಯದತ್ತ ಶಾಲೆ’ಗೆ ಪಾಲಕರು ಬಂದಾಗ ಮಕ್ಕಳ ಫಲಿತಾಂಶದ ಜೊತೆಗೆ ಗಿಡಗಳ ಪಟ್ಟಿಯನ್ನೂ ಓದಿ, ಎಷ್ಟು ನೆಟ್ಟಿತ್ತು, ಎಷ್ಟು ಉಳಿದಿವೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಮೊದಲ ಹೆಜ್ಜೆ. ಹೊಣೆಯನ್ನು ಮಗುವಿನ ಹೆಸರಿಗೆ ಬರೆಯುವುದಕ್ಕಿಂತ ಮನೆಯ ಹೆಸರಿಗೆ ಬರೆಯುವುದು ಲೇಸು. ಗುಳೆ ಹೊರಡುವ ಮನೆಗಳಿಗೆ ಆ ಹೊಣೆ ಕೊಡಬಾರದು; ತಮ್ಮದಲ್ಲದ ತಪ್ಪಿಗೆ ಜೂನ್‌ನಲ್ಲಿ ತಲೆತಗ್ಗಿಸಿ ಬರುವಂತೆ ಆ ಮಕ್ಕಳನ್ನು ಮಾಡುವುದು ಅನ್ಯಾಯ. ಹೊರಡುವ ಮಗು ತನ್ನ ಗಿಡವನ್ನು ಊರಿನಲ್ಲಿ ಉಳಿಯುವ ಗೆಳೆಯನಿಗೆ ಒಪ್ಪಿಸಿ ಹೋಗಲಿ; ಪುಸ್ತಕದಲ್ಲಿ ಇಬ್ಬರ ಹೆಸರೂ ಇರಲಿ. ನೀರು ಹಾಕಲು ಬೆಳಿಗ್ಗೆ ಏಳರೊಳಗಿನ ಹೊತ್ತನ್ನೇ ಗೊತ್ತುಮಾಡಬೇಕು. ಬಿಸಿಲೇರಿದ ಮೇಲೆ ಮಕ್ಕಳನ್ನು ಹೊರಗೆ ಕರೆಯುವುದು ಗಿಡದ ಹೆಸರಿನಲ್ಲಾದರೂ ತಪ್ಪೇ.

ಏಪ್ರಿಲಿನಲ್ಲಿ ಹೂವಾಗಿದ್ದ ಬೇವು ಶಾಲೆ ಮತ್ತೆ ತೆರೆದ ಕೆಲವೇ ದಿನಗಳಲ್ಲಿ ಹಣ್ಣಾಗಿ ಉದುರತೊಡಗುತ್ತದೆ. ಗೊರವಂಕ, ಪಿಕಳಾರ, ಬಾವಲಿಗಳು ತಿಂದು ಉಗುಳಿದ ಬೀಜಗಳೂ ಮರದಡಿ ಸಿಗುತ್ತವೆ. ಬೇವಿನ ಬೀಜದ ಮೊಳೆಯುವ ಶಕ್ತಿ ಬಹಳ ಬೇಗ ಕುಂದುವುದರಿಂದ ತಿರುಳು ತೊಳೆದು, ನೆರಳಲ್ಲಿ ಆರಿಸಿ, ಕೆಲವೇ ದಿನಗಳೊಳಗೆ ಚೀಲಗಳಲ್ಲಿ ಊರಬೇಕು. ಮರುವರ್ಷದ ಮಳೆಗಾಲಕ್ಕೆ ಶಾಲೆಯದೇ ಸಸಿ ಸಿದ್ಧವಾಗುತ್ತದೆ. ಅದನ್ನು ಆಗಸ್ಟ್‌ನಲ್ಲಿ, ನೆಲ ಚೆನ್ನಾಗಿ ನೆನೆದ ಮೇಲೆ ನೆಟ್ಟರೆ ಸಾಕು. ಜೂನ್ ಐದನ್ನು ಬೀಜ ಆರಿಸುವ ದಿನವಾಗಿ ಆಚರಿಸಿದರೆ ಯಾರ ಅಭ್ಯಂತರವೂ ಇರಲಾರದು.

ಅದಕ್ಕೆ ಮುನ್ನ, ಬಾಗಿಲು ತೆರೆದ ಮೊದಲ ಬೆಳಿಗ್ಗೆ ಒಂದು ಕೆಲಸವಿದೆ. ಎಲೆಯೆಲ್ಲ ಉದುರಿ ನಿಂತ ಕಡ್ಡಿಯನ್ನು ಕಂಡೊಡನೆ ಕಿತ್ತೆಸೆಯದೆ, ಬುಡದ ಬಳಿಯ ತೊಗಟೆಯನ್ನು ಉಗುರಿನಿಂದ ತುಸುವೇ ಕೆರೆದು ನೋಡಬೇಕು. ಒಳಗೆ ಕಂದಾಗಿದ್ದರೆ ಅದು ಸತ್ತಿದೆ. ಹಸಿರಿದ್ದರೆ ಜೀವವಿದೆ, ಗುಂಡಿಯನ್ನು ಮುಟ್ಟದೆ ಒಂದು ತಂಬಿಗೆ ನೀರು ಹಾಕಿ, ಪುಸ್ತಕದಲ್ಲಿ ತಾರೀಖು ಬರೆಯಬೇಕು.