ಚಿತ್ರ ಮುಗಿಯಿತು, ಮಾತ್ರೆ ಮುಗಿಯಲಿಲ್ಲ
(ಬಂಗಾರಪೇಟೆ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಡೆದ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಕುಟುಂಬ ಕಲ್ಯಾಣದ ವಿಷಯವಾಗಿ ನಿಮಗೆ ಬುದ್ಧಿ ಹೇಳುವವರು ಅನೇಕರಿದ್ದಾರೆ. ಇಂದು ನಾನು ಹೇಳಬೇಕೆಂದಿರುವುದು ಬೇರೊಂದು ಮಾತು. ಹಾಗೆ ಬುದ್ಧಿ ಹೇಳಲು ನಾವು ಬಳಸುವ ಚಿತ್ರಪಟ, ಧ್ವನಿ, ಚಲನಚಿತ್ರ ಮೊದಲಾದ ಸಾಧನಗಳು ಎಲ್ಲಿ ಸೋಲುತ್ತವೆ, ಅವನ್ನು ಸರಿಯಾಗಿ ರೂಪಿಸುವ ಬಗೆಯನ್ನು ನಾವು ನಿಮ್ಮಿಂದಲೇ ಹೇಗೆ ಕಲಿಯಬೇಕಾಯಿತು ಎಂಬುದು ಈ ದಿನದ ವಿಷಯ. ಇದರಲ್ಲಿ ನನ್ನದೇ ಒಂದು ತಪ್ಪಿನ ಕಥೆಯಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

‘ಛಾಯಾ’ ಎಂಬ ಗರ್ಭನಿರೋಧಕ ಮಾತ್ರೆಯನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. ಇದರ ಔಷಧವನ್ನು ಕಂಡುಹಿಡಿದದ್ದು ಲಖನೌ ನಗರದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ. ಇದರಲ್ಲಿ ಹಾರ್ಮೋನು ಇಲ್ಲ. ಮೊಲೆಯುಣಿಸುವ ತಾಯಿಯೂ ಸೇವಿಸಬಹುದು. ಮುಟ್ಟಾದ ಮೊದಲ ದಿನ ಮೊದಲ ಮಾತ್ರೆ. ಆಮೇಲೆ ಮೂರು ತಿಂಗಳ ಕಾಲ ವಾರಕ್ಕೆ ಎರಡು, ಗೊತ್ತುಪಡಿಸಿದ ದಿನಗಳಲ್ಲಿ. ಉದಾಹರಣೆಗೆ ಭಾನುವಾರ ಮತ್ತು ಬುಧವಾರ. ನಾಲ್ಕನೆಯ ತಿಂಗಳಿನಿಂದ ವಾರಕ್ಕೆ ಒಂದೇ, ಮೊದಲ ಮಾತ್ರೆ ನುಂಗಿದ ವಾರದಂದು. ಮಗು ಬೇಡವೆನ್ನುವಷ್ಟು ಕಾಲವೂ ಹೀಗೆಯೇ ನಡೆಯಬೇಕು. ಬಾಯಲ್ಲಿ ಹೇಳುವುದು ಸುಲಭ. ಮನೆಗೆ ಹೋದ ಮೇಲೆ ನೆನಪಿಡುವುದು ಕಷ್ಟ. ಆದುದರಿಂದ ನಾನೊಂದು ಪಟವನ್ನು ಸಿದ್ಧಪಡಿಸಿದೆ. ಹದಿಮೂರು ಸಾಲು, ಸಾಲಿಗೆ ಏಳು ಮನೆ. ಪ್ರತಿ ಸಾಲಿನಲ್ಲೂ ಎರಡು ಮನೆಗಳಿಗೆ ಕೆಂಪು ಬಣ್ಣ. ಮೇಲೆ ನಗುಮೊಗದ ಒಬ್ಬ ತಾಯಿ. ಕೆಳಗೆ ಸಣ್ಣ ಅಕ್ಷರದಲ್ಲಿ, ‘ನಾಲ್ಕನೆಯ ತಿಂಗಳಿನಿಂದ ವಾರಕ್ಕೊಂದು’ ಎಂಬ ಸೂಚನೆ. ಪಟ ಅಂದವಾಗಿಯೇ ಇತ್ತು. ಅದನ್ನು ಆಶಾ ಕಾರ್ಯಕರ್ತೆಯರ ಮೂಲಕ ಮನೆಮನೆಗೆ ಹಂಚಿಸಿದೆ.

ಕೆಲವು ತಿಂಗಳ ತರುವಾಯ ಇಬ್ಬರು ಹೆಣ್ಣುಮಕ್ಕಳ ತಾಯಿಯೊಬ್ಬಳು ವಾಕರಿಕೆಯೆಂದು ಗಂಡನೊಡನೆ ಬಂದಳು. ಪರೀಕ್ಷಿಸಿದಾಗ ಗರ್ಭಿಣಿಯೆಂದು ತಿಳಿಯಿತು. ಮಾತ್ರೆ ತಪ್ಪಿಸಿದೆಯಾ ಎಂದು ಕೇಳಿದೆ. ಆಕೆ ಸೆರಗಿನಲ್ಲಿ ಮಡಿಸಿಟ್ಟಿದ್ದ ನನ್ನ ಪಟವನ್ನೇ ಬಿಡಿಸಿ ತೋರಿಸಿದಳು. ಇಪ್ಪತ್ತಾರು ಕೆಂಪು ಮನೆಗಳಿಗೂ ಗುರುತು ಹಾಕಿತ್ತು. “ಚೀಟೀಲಿ ಇದ್ದಷ್ಟೂ ನುಂಗಿದೀನಿ ಸಾರ್, ಒಂದೂ ಬಿಟ್ಟಿಲ್ಲ. ಚೀಟಿ ಮುಗೀತು, ನಿಲ್ಲಿಸಿದೆ” ಎಂದಳು. ಗಂಡನೂ, “ನಾನೇ ಎಣಿಸಿ ನೋಡಿದೀನಿ ಸಾರ್” ಎಂದನು.

ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಚಿತ್ರ ಮುಗಿದಲ್ಲಿ ಔಷಧವೂ ಮುಗಿಯಿತೆಂದು ತಿಳಿಯುವುದು ಸಹಜ. ನಾನು ಸಣ್ಣ ಅಕ್ಷರದಲ್ಲಿ ಬರೆಸಿದ ಆ ಒಂದು ಸಾಲನ್ನು ಓದಲು ಆಕೆಗೆ ಬರುತ್ತಿರಲಿಲ್ಲ. ಓದಲು ಬರುವವರೂ ಅದನ್ನು ಓದಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಆ ದಂಪತಿಗಳು ಮುಂದೇನು ನಿರ್ಧರಿಸಿದರೆಂಬುದು ಅವರ ಸ್ವಂತ ವಿಷಯ. ಅದನ್ನು ಇಲ್ಲಿ ಹೇಳತಕ್ಕದ್ದಲ್ಲ. ತಪ್ಪು ಆಕೆಯದಲ್ಲ, ನನ್ನದು ಎಂದು ಅಂದೇ ಅವರಿಬ್ಬರ ಮುಂದೆ ಒಪ್ಪಿಕೊಂಡೆನು.

ಮರುವಾರ ಆ ಪಟವನ್ನು ಹಿಡಿದುಕೊಂಡು ಒಂದು ಹಳ್ಳಿಯ ಜಗಲಿಯ ಮೇಲೆ ಆರೇಳು ಮಂದಿ ಹೆಂಗಸರೊಡನೆ ಕುಳಿತೆ. ‘ಅರ್ಥವಾಯಿತೆ?’ ಎಂದು ಕೇಳಬಾರದೆಂಬುದನ್ನು ಅಷ್ಟರಲ್ಲಿ ಕಲಿತಿದ್ದೆ. ಹಾಗೆ ಕೇಳಿದರೆ ನೀವೆಲ್ಲ ಹೂಂ ಎನ್ನುತ್ತೀರಿ. ಅದು ಡಾಕ್ಟರನ್ನು ನೋಯಿಸಬಾರದೆಂಬ ನಿಮ್ಮ ಸೌಜನ್ಯ. ನಮಗೆ ಅದರಿಂದ ಉಪಯೋಗವಿಲ್ಲ. ಬದಲಾಗಿ, “ಇದನ್ನು ನೋಡಿ ನಾಳೆಯಿಂದ ನೀವು ಏನು ಮಾಡುತ್ತೀರಿ, ಹೇಳಿ” ಎಂದೆ. ಒಬ್ಬಾಕೆ ನಗುವ ತಾಯಿಯನ್ನು ನೋಡಿ ಇದು ಸೋಪಿನ ಜಾಹೀರಾತೇ ಎಂದು ಕೇಳಿದಳು. ಇನ್ನೊಬ್ಬಾಕೆ ಹೇಳಿದ್ದು ನನ್ನನ್ನು ಬೆಚ್ಚಿಬೀಳಿಸಿತು: “ಕ್ಯಾಲೆಂಡರಿನಲ್ಲಿ ಕೆಂಪು ಅಂದ್ರೆ ರಜಾ ಅಲ್ವಾ? ಕೆಂಪು ಇರೋ ದಿನ ಮಾತ್ರೆಗೂ ರಜಾ ಅಂದ್ಕೊಂಡೆ.” ಎಂ.ಬಿ.ಬಿ.ಎಸ್. ಓದುವಾಗ ಇಂತಹ ಪಾಠವನ್ನು ನನಗೆ ಯಾರೂ ಹೇಳಿರಲಿಲ್ಲ.

ಆ ಜಗಲಿಯ ಮೇಲೆಯೇ ಪಟವು ಬದಲಾಯಿತು. ಕೆಂಪು ಹೋಯಿತು, ಅದರ ಸ್ಥಳದಲ್ಲಿ ಮಾತ್ರೆಯ ಚಿತ್ರವೇ ಬಂದಿತು. ನಗುವ ತಾಯಿಯನ್ನು ತೆಗೆದುಹಾಕಿದೆವು. ವಾರದ ಹೆಸರುಗಳ ಜೊತೆಗೆ ಸಂತೆಯ ದಿನಕ್ಕೆ ತಕ್ಕಡಿಯ ಗುರುತನ್ನು ಬರೆದೆವು. ಆ ಊರಿನವರಿಗೆ ವಾರದ ಲೆಕ್ಕ ಸಂತೆಯಿಂದಲೇ ಆರಂಭ. ಮೂರು ತಿಂಗಳ ನಂತರದ ಭಾಗವನ್ನು ಸಾಲಾಗಿ ಬರೆಯದೆ ಚಕ್ರದಂತೆ ಬರೆದೆವು, ಚಕ್ರಕ್ಕೆ ಕೊನೆಯಿಲ್ಲವಷ್ಟೆ. ಈ ಚಕ್ರದ ಉಪಾಯ ನನ್ನದಲ್ಲ, ಆಶಾ ಕಾರ್ಯಕರ್ತೆಯದು.

ವಸ್ತುವನ್ನು ತೋರಿಸುವುದರಲ್ಲಿ ಚಿತ್ರಕ್ಕೆ ಸಮಾನವಾದುದಿಲ್ಲ. ‘ವಂಕಿ’ ಎಷ್ಟು ಚಿಕ್ಕದೆಂದು ನೂರು ಮಾತಿನಲ್ಲಿ ಹೇಳುವುದಕ್ಕಿಂತ ಅಂಗೈಯಲ್ಲಿಟ್ಟು ತೋರಿಸುವುದು ಮೇಲು. ಆದರೆ ಕಾಲವನ್ನು ತೋರಿಸುವುದರಲ್ಲಿ ಚಿತ್ರವು ಬಹಳ ದುರ್ಬಲ. ಎಷ್ಟು ದಿನ, ಎಂದಿನಿಂದ, ಎಂದಿನವರೆಗೆ ಎಂಬುದನ್ನು ಮಾತೇ ಹೇಳಬೇಕು. ಪುರುಷರ ಶಸ್ತ್ರಚಿಕಿತ್ಸೆಯ ಪಟದಲ್ಲಿಯೂ ಇದೇ ದೋಷವನ್ನು ಕಂಡಿದ್ದೇನೆ. ಮೊದಲ ಚಿತ್ರದಲ್ಲಿ ಗಂಡ ಆಸ್ಪತ್ರೆಗೆ ಹೋಗುತ್ತಾನೆ. ಎರಡನೆಯದರಲ್ಲಿ ಮನೆಯವರೊಡನೆ ಸಂತೋಷವಾಗಿ ಕುಳಿತಿದ್ದಾನೆ. ನಡುವೆ ಮೂರು ತಿಂಗಳಿದೆ! ಆ ಮೂರು ತಿಂಗಳು, ವೀರ್ಯ ಪರೀಕ್ಷೆಯಾಗಿ ವೈದ್ಯರು ಸರಿಯೆನ್ನುವವರೆಗೆ, ನಿರೋಧ್ ಬಳಸಲೇಬೇಕು. ಚಿತ್ರದಲ್ಲಿ ಅದು ಇಲ್ಲದ್ದರಿಂದ ಎಷ್ಟು ಮನೆಗಳಲ್ಲಿ ಅನುಮಾನ, ಜಗಳ, ಕಣ್ಣೀರು ಆದೀತೆಂದು ಊಹಿಸಿರಿ. ಪ್ರಸಂಗವಶಾತ್ ಗಂಡಸರಿಗೆ ಒಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಮಾಡಿಸಿಕೊಂಡ ಗಂಡಂದಿರು ನೂರಕ್ಕೆ ಒಬ್ಬರೂ ಇಲ್ಲ. ಹೊಲಿಗೆಯಿಲ್ಲದೆ ಕೆಲವೇ ನಿಮಿಷಗಳಲ್ಲಿ ಮುಗಿಯುವ ಚಿಕಿತ್ಸೆ ಗಂಡಸರದು. ನಮ್ಮ ಪಟಗಳಲ್ಲಿ ಯಾವಾಗಲೂ ಹೆಂಗಸನ್ನೇ ಬರೆಯುತ್ತ ಬಂದ ನಮ್ಮ ಪಾಲೂ ಈ ಲೆಕ್ಕದಲ್ಲಿ ಇರಬೇಕು.

ಚಿತ್ರವು ನಾವು ಉದ್ದೇಶಿಸದ ಪಾಠವನ್ನೂ ಕಲಿಸುತ್ತದೆ. ಕೆಂಪು ತ್ರಿಕೋನವನ್ನು ಹಿರಿಯರು ಮರೆತಿರಲಾರರು. 1960ರ ದಶಕದಲ್ಲಿ ಡಿ. ಕೆ. ತ್ಯಾಗಿ ಎಂಬ ಅಧಿಕಾರಿಯ ಮುಂದಾಳುತನದಲ್ಲಿ ರೂಪುಗೊಂಡ ಗುರುತು ಅದು. ಅದರೊಡನೆ ನಾಲ್ಕು ಮುಖಗಳು: ತಂದೆ, ತಾಯಿ, ಒಂದು ಗಂಡು, ಒಂದು ಹೆಣ್ಣು. ಅಕ್ಷರ ಬಾರದವರಿಗೂ ತಿಳಿಯುವಂತಹ, ಗೋಡೆ, ಬಸ್ಸು ಎಲ್ಲೆಡೆಯೂ ಒಂದೇ ರೀತಿ ಬರೆಯಬಹುದಾದ ಗುರುತು. ಅದರ ಜಾಣ್ಮೆಯನ್ನು ನಾನು ಮೆಚ್ಚುತ್ತೇನೆ. ಆದರೆ ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬ ನಮ್ಮ ಘೋಷಣೆಯನ್ನೂ ಆ ನಾಲ್ಕು ಮುಖಗಳನ್ನೂ ಸೇರಿಸಿ ನೋಡಿರಿ. ಇಬ್ಬರು ಹೆಣ್ಣುಮಕ್ಕಳಿರುವ ತಾಯಿ ಅದರಿಂದ ಏನು ಕಲಿಯುತ್ತಾಳೆ? ತನ್ನ ಸಂಸಾರದಲ್ಲಿ ಒಂದು ಮುಖ ಕಡಿಮೆಯಿದೆ ಎಂದು. ಚಿಕ್ಕ ಕುಟುಂಬ ಇರಲೆಂದು ಬರೆದ ಚಿತ್ರವೇ ಗಂಡು ಬರುವವರೆಗೆ ಕಾಯಿರಿ ಎಂದಂತಾಯಿತು. ಕೀರ್ತಿ ಹೆಣ್ಣಿನಿಂದ ಬಾರದೆಂದು ಯಾರು ಹೇಳಿದರು? ನಮ್ಮ ಕೇಂದ್ರದ ಹೊಸ ಪಟದಲ್ಲಿ ಎರಡು ಹೆಣ್ಣುಮಕ್ಕಳ ಸಂಸಾರವೂ ಇದೆ, ಒಂದೇ ಮಗುವಿನ ಸಂಸಾರವೂ ಇದೆ.

ಇನ್ನು ಧ್ವನಿಯ ವಿಷಯ. ಇಲ್ಲಿಂದ ಮಾರಿಕುಪ್ಪಂವರೆಗೆ ರೈಲಿನಲ್ಲಿ ಹೋದರೆ ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುತ್ತವೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯಲ್ಲಿ ಈ ಮೂರೂ ಭಾಷೆಯವರು ಒಟ್ಟಿಗೆ ದುಡಿದರು. ಬಾವಿಯೊಳಗೆ ಪಂಜರವನ್ನು ಇಳಿಸಲು, ಏರಿಸಲು, ನಿಲ್ಲಿಸಲು ಗಂಟೆಯ ಹೊಡೆತಗಳೇ ಸಂಜ್ಞೆ. ಭಾಷೆ ಯಾವುದಾದರೂ ಆ ಸಂಜ್ಞೆ ಎಲ್ಲರಿಗೂ ಒಂದೇ. ಏಕೆಂದರೆ ಅದರ ಅರ್ಥವನ್ನು ಮೊದಲೇ ಒಪ್ಪಿ, ಅಭ್ಯಾಸ ಮಾಡಿ, ಆಮೇಲೆ ಬಳಸುತ್ತಿದ್ದರು. ನಾವಾದರೋ ಅಭ್ಯಾಸವನ್ನು ಮಾಡಿಸದೆ ಸಂಜ್ಞೆಯನ್ನು ಮಾತ್ರ ಹಂಚುತ್ತೇವೆ. ಚಿತ್ರ ಒಂದೇ ಇರಬಹುದು, ಮಾತು ಮಾತ್ರ ಮನೆಯ ಭಾಷೆಯಲ್ಲಿರಬೇಕು. ‘ಋತುಸ್ರಾವದ ಪ್ರಥಮ ದಿನ’ ಎಂದು ಧ್ವನಿಮುದ್ರಿಸಿ ಕೇಳಿಸಿದಾಗ ಕನ್ನಡದವರೇ ಮುಖ ಮುಖ ನೋಡಿದರು. ‘ಮುಟ್ಟಾದ ಮೊದಲ ದಿನ’ ಎಂದಾಗ ತಲೆದೂಗಿದರು.

1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಉಪಗ್ರಹದ ಮೂಲಕ ದೂರದರ್ಶನದ ಪಾಠಗಳನ್ನು ತೋರಿಸಿದರು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಆಗ ಊರಿಗೊಂದು ಪೆಟ್ಟಿಗೆ. ಜನ ಕೂಡಿ ನೋಡುತ್ತಿದ್ದರು, ತಿಳಿಯದ್ದನ್ನು ಪಕ್ಕದವರನ್ನು ಕೇಳಬಹುದಾಗಿತ್ತು. ಈಗ ಕೈಗೊಂದು ಫೋನು. ಅದರಲ್ಲಿ ಬರುವ ಆರೋಗ್ಯದ ವೀಡಿಯೋಗಳಲ್ಲಿ ಅನೇಕವು ಗದ್ದಲದ ಗೂಡುಗಳು: ಹಿನ್ನೆಲೆಯಲ್ಲಿ ಸಂಗೀತ, ಕೆಳಗೆ ಓಡುವ ಅಕ್ಷರ, ಮೇಲೆ ಕುಣಿಯುವ ಬೊಂಬೆ, ನಡುವೆ ಒಬ್ಬರ ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರು ಈ ವಿಷಯವನ್ನು ಬಹುಕಾಲ ಪರೀಕ್ಷಿಸಿದ್ದಾರೆ. ಬರಿಯ ಮಾತಿಗಿಂತ ಮಾತೂ ಚಿತ್ರವೂ ಕೂಡಿದರೆ ಕಲಿಕೆ ಚೆನ್ನಾಗುತ್ತದೆ. ಆದರೆ ಬೇಡದ ಸಂಗೀತ, ಬೇಡದ ಅಲಂಕಾರ ಸೇರಿದರೆ ಅದೇ ಕಲಿಕೆ ಕೆಡುತ್ತದೆ ಎಂದು ಅವರು ತೋರಿಸಿದ್ದಾರೆ. ಮನಸ್ಸೂ ಒಂದು ಕೊಡವೇ, ಹಿಡಿಯುವಷ್ಟೇ ಹಿಡಿಯುತ್ತದೆ. ಆದುದರಿಂದ ಅಂತಹ ವೀಡಿಯೋ ಬಂದರೆ ಗಂಡ ಹೆಂಡತಿ ಇಬ್ಬರೂ ಕೂಡಿ ನೋಡಿ. ಮುಗಿದ ಮೇಲೆ ಒಬ್ಬರು ಇನ್ನೊಬ್ಬರಿಗೆ, ನಾಳೆ ಏನು ಮಾಡಬೇಕೆಂದು ಅದು ಹೇಳಿತು ಎಂಬುದನ್ನು ಹೇಳಿ. ಇಬ್ಬರ ಮಾತೂ ಒಂದೇ ಆಗದಿದ್ದರೆ ಅದನ್ನು ನಂಬಿ ನಡೆಯದೆ ನಮ್ಮ ಕೇಂದ್ರಕ್ಕೆ ತಂದು ತೋರಿಸಿ. ಕೇಳಲು ಸಂಕೋಚ ಬೇಡ.

ಈಗ ನಿಮ್ಮ ಕೈಗೆ ಒಂದು ಚೀಟಿ ಬರುತ್ತದೆ. ಇದು ‘ಅಂತರಾ’ ಚುಚ್ಚುಮದ್ದಿನ ಪಟದ ಕರಡು. ಈ ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳಬೇಕು. ಗೊತ್ತಾದ ದಿನಕ್ಕೆ ಎರಡು ವಾರ ಮುಂಚಿತವಾಗಿ ಬಂದರೂ ನಡೆಯುತ್ತದೆ. ತಡವಾದರೆ ನಾಲ್ಕು ವಾರದೊಳಗೆ ಬರಲೇಬೇಕು. ಮುಟ್ಟು ಏರುಪೇರಾಗಬಹುದು, ನಿಂತೂ ಹೋಗಬಹುದು; ಅದರಿಂದ ಅಪಾಯವಿಲ್ಲ, ಕೆಟ್ಟ ರಕ್ತ ಒಳಗೆ ಉಳಿಯುತ್ತದೆಂಬುದು ಸುಳ್ಳು. ನಿಲ್ಲಿಸಿದ ಮೇಲೆ ಮತ್ತೆ ಗರ್ಭ ನಿಲ್ಲಲು ಕೆಲವು ತಿಂಗಳು ಹಿಡಿಯುತ್ತದೆ. ಇಷ್ಟನ್ನೂ ಈ ಪಟ ಹೇಳಬೇಕು. ಮುಂದಿನ ದಿನವನ್ನು ತಾರೀಖಿನಿಂದ ಗುರುತಿಸುವುದೋ, ಯುಗಾದಿ, ಗೌರಿಹಬ್ಬ, ರಾಗಿ ಕೊಯ್ಲು ಎಂದು ಗುರುತಿಸುವುದೋ ನನಗೆ ತೀರ್ಮಾನವಾಗಿಲ್ಲ. ಆ ಮನೆಯನ್ನು ಖಾಲಿ ಬಿಟ್ಟಿದ್ದೇನೆ. ಇಬ್ಬಿಬ್ಬರಾಗಿ ಕುಳಿತು ನೋಡಿ, ಅಲ್ಲಿ ಏನು ಬರೆಯಬೇಕೆಂದು ಹೇಳಿ. ಪೆನ್ಸಿಲ್ಲುಗಳು ಆಶಾ ಕಾರ್ಯಕರ್ತೆಯ ಬಳಿ ಇವೆ.